ಕಾಲಿಂಗ್ ಬೆಲ್ ಮತ್ತು ನಾಯಿ: ಬೊಗಳುವ ಮುಂಚಿನ ಎರಡು ಸೆಕೆಂಡ್

(ಅಪಾರ್ಟ್‌ಮೆಂಟ್‌ಗಳಲ್ಲಿ, ಒತ್ತೊತ್ತಾದ ಬೀದಿಗಳಲ್ಲಿ ನಾಯಿ ಸಾಕಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಾತ್ರಿ ಎಂಟೂವರೆ ಅಂದುಕೊಳ್ಳಿ. ಟಿವಿ ಸಣ್ಣಗೆ ಓಡುತ್ತಿದೆ, ನಾಯಿ ಸೋಫಾದ ಪಕ್ಕ ಮಲಗಿದೆ. ಹೊರಗೆ ಲಿಫ್ಟ್ ನಿಂತ ಸದ್ದು. ನಾಯಿಯ ಕಿವಿ ಬಾಗಿಲ ಕಡೆ ತಿರುಗುತ್ತದೆ. ತಲೆ ಏಳುತ್ತದೆ, ತೆರೆದಿದ್ದ ಬಾಯಿ ಮುಚ್ಚುತ್ತದೆ, ಮೈ ಬಿಗಿಯುತ್ತದೆ. ಆಮೇಲೆ ಕಾಲಿಂಗ್ ಬೆಲ್. ಮುಂದಿನದು ನಿಮಗೆಲ್ಲ ಗೊತ್ತೇ ಇದೆ: ನಾಯಿ ಬಾಗಿಲಿಗೆ ನುಗ್ಗುತ್ತದೆ, ಮನೆಯವರು ಅದಕ್ಕಿಂತ ಜೋರಾಗಿ ಕೂಗುತ್ತಾರೆ, ಊಟದ ಪೊಟ್ಟಣ ತಂದ ಹುಡುಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಎದುರು ಮನೆಯ ಮಗು ಎದ್ದು ಅಳುತ್ತದೆ.

ನಮ್ಮ ಗಮನವೆಲ್ಲ ಹೋಗುವುದು ಬೆಲ್ ಆದ ಮೇಲಿನ ಗಲಾಟೆಗೆ. ನಾನು ಮಾತಾಡಬೇಕೆಂದಿರುವುದು ಅದರ ಮುಂಚಿನ ಎರಡು ಸೆಕೆಂಡಿನ ಬಗ್ಗೆ. ಕಿವಿ ತಿರುಗಿ, ಮೈ ಬಿಗಿದು, ಇನ್ನೂ ಬಾಯಿ ತೆರೆಯದ ಆ ಹೊತ್ತಿನಲ್ಲಿ ನಾಯಿ ಕಲಿಯಬಲ್ಲದು. ಬೊಗಳಲು ಶುರುಮಾಡಿ ಹತ್ತು ಸೆಕೆಂಡ್ ಕಳೆದ ಮೇಲೆ ನಿಮ್ಮ ಮಾತು ಅದರ ಕಿವಿಗೆ ಬೀಳುತ್ತದೆ, ತಲೆಗೆ ಇಳಿಯುವುದಿಲ್ಲ. ಉದ್ರೇಕ ಏರಿದ ನಾಯಿಗೆ ಅತಿ ಇಷ್ಟದ ತಿಂಡಿ ಹಿಡಿದರೂ ಮೂಸುವುದಿಲ್ಲ. ತಿಂಡಿ ಬೇಡ ಎನ್ನುತ್ತಿದೆ ಎಂದರೆ ಪಾಠದ ಹೊತ್ತು ಮೀರಿದೆ ಎಂದೇ ಅರ್ಥ.

ಮೊದಲು ಒಂದು ಮಾತು. ನಾಯಿ ಬೊಗಳಬಾರದು ಎಂಬುದು ಗುರಿಯಾಗಬಾರದು. ಬೀಗಲ್, ಡ್ಯಾಶ್‌ಹೌಂಡ್ ತಳಿಗಳನ್ನು ಮನುಷ್ಯನೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು ಬೇಟೆ ಎಲ್ಲಿದೆ ಎಂದು ದನಿಯಿಂದ ತಿಳಿಸಲಿ ಎಂದು. ನಮ್ಮಲ್ಲಿ ‘ಪಾಮ್’ ಎಂದು ಕರೆಸಿಕೊಳ್ಳುವ ಬಿಳಿ ಸ್ಪಿಟ್ಜ್ ನಾಯಿಯನ್ನು ಮನೆಗಳಲ್ಲಿ ಇಟ್ಟುಕೊಂಡಿದ್ದೇ ಬಂದವರನ್ನು ಕೂಗಿ ಹೇಳಲಿ ಎಂದು. ಎರಡು ಸಲ ಬೊಗಳಿ, ನಿಮ್ಮ ಮುಖ ನೋಡಿ, ಸುಮ್ಮನಾಗುವ ನಾಯಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ನಮಗೆ ಬೇಕಾದ್ದು ಅಷ್ಟು.

ಎಲ್ಲ ಬೊಗಳಾಟವೂ ಒಂದೇ ಅಲ್ಲ. ಬುಡಾಪೆಸ್ಟ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆಬೇರೆ ಸಂದರ್ಭಗಳಲ್ಲಿ ದಾಖಲಿಸಿದ ಬೊಗಳಿನ ಸದ್ದನ್ನಷ್ಟೇ ಜನರಿಗೆ ಕೇಳಿಸಿದರು. ನಾಯಿಯನ್ನೇ ಸಾಕದವರೂ ಅದು ಅಪರಿಚಿತರನ್ನು ಕಂಡ ದನಿಯೋ, ಒಂಟಿಯಾಗಿ ಕಟ್ಟಿಹಾಕಿದಾಗಿನ ದನಿಯೋ, ಆಟದ ದನಿಯೋ ಎಂದು, ಬರೀ ಊಹಿಸಿದರೆ ಸರಿಯಾಗುವುದಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದರು. ದಪ್ಪ, ಒರಟು ದನಿಯಲ್ಲಿ ಬಿಡುವಿಲ್ಲದೆ ಬೊಗಳಿದರೆ ‘ಯಾರೋ ಬಂದರು, ದೂರ ಹೋಗು’ ಎಂಬ ಎಚ್ಚರಿಕೆ. ತೆಳು ದನಿಯಲ್ಲಿ, ನಡುನಡುವೆ ಬಿಡುವು ಕೊಟ್ಟು, ಕೊನೆಗೆ ಊಳಿನ ಹಾಗೆ ಎಳೆದರೆ ಒಂಟಿತನ. ನಿಮ್ಮ ಮುಖವನ್ನೇ ನೋಡುತ್ತ, ಒಂದೊಂದೇ ಬೊಗಳು ಹಾಕಿ ಉತ್ತರಕ್ಕೆ ಕಾದರೆ ಅದು ಬೇಡಿಕೆ. ಮೂರಕ್ಕೂ ಮದ್ದು ಬೇರೆ. ಬೇಡಿಕೆಯ ಬೊಗಳಿಗೆ ಕೊಡುವ ಮದ್ದನ್ನು ಒಂಟಿತನದ ಬೊಗಳಿಗೆ ಕೊಟ್ಟರೆ ನಾಯಿಯ ಸ್ಥಿತಿ ಕೆಡುತ್ತದೆ.

ಹಾಗಾಗಿ ಏನನ್ನೂ ಶುರುಮಾಡುವ ಮೊದಲು ಏಳು ದಿನ ಬರೆದಿಡಿ. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದರೆ ಸಾಕು. ಹೊತ್ತು, ಬೊಗಳುವ ಮುಂಚೆ ಆದದ್ದೇನು, ಎಷ್ಟು ಸೆಕೆಂಡ್ ಬೊಗಳಿತು, ಆಮೇಲೆ ನಾಯಿಗೆ ಸಿಕ್ಕಿದ್ದೇನು, ಈ ನಾಲ್ಕು. ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ, ಆದರೆ ಗುಟ್ಟೆಲ್ಲ ಇರುವುದು ಅಲ್ಲೇ. ಕೊರಿಯರ್ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಹೋಗುತ್ತಾನೆ. ಅವನು ಹೇಗೂ ಹೋಗುವವನೇ. ನಾಯಿಯ ಲೆಕ್ಕದಲ್ಲಿ ಮಾತ್ರ ತಾನು ಬೊಗಳಿದ್ದರಿಂದ ಹೋದ. ದಿನಕ್ಕೆ ನಾಲ್ಕು ಡೆಲಿವರಿ ಬರುವ ಮನೆಯಲ್ಲಿ ಅದಕ್ಕೆ ದಿನಕ್ಕೆ ನಾಲ್ಕು ಗೆಲುವು. ಈ ಅಭ್ಯಾಸ ತಾನಾಗಿ ಹೋಗದಿರುವುದು ಅದಕ್ಕೇ.

ಏಳು ದಿನದ ಹಾಳೆ ನೋಡಿದರೆ ಹೆಚ್ಚಿನ ಮನೆಗಳಲ್ಲಿ ಎರಡು ಮೂರು ಕಾರಣಗಳೇ ಮತ್ತೆಮತ್ತೆ ಬಂದಿರುತ್ತವೆ. ಕೆಲವನ್ನು ತರಬೇತಿಯೇ ಇಲ್ಲದೆ ಕಡಿಮೆ ಮಾಡಬಹುದು. ಬಾಲ್ಕನಿಯಿಂದ ಅಳಿಲು, ಬೆಕ್ಕು, ಬೀದಿನಾಯಿ ನೋಡಿ ಬೊಗಳುತ್ತಿದ್ದರೆ, ನಾಯಿ ಹಿಂಗಾಲ ಮೇಲೆ ನಿಂತಾಗ ಅದರ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಎತ್ತರದವರೆಗೆ ಗಾಜಿಗೆ ಮಸುಕು ಹಾಳೆ ಅಂಟಿಸಿ. ಗ್ರಿಲ್ ಆದರೆ ತೋಟಕ್ಕೆ ಬಳಸುವ ಹಸಿರು ನೆರಳುಬಲೆ ಕಟ್ಟಿ. ಕೂತ ಎತ್ತರಕ್ಕೆ ಮಾತ್ರ ಅಂಟಿಸಿ ‘ಪ್ರಯೋಜನ ಆಗಲಿಲ್ಲ’ ಎನ್ನುವವರೇ ಜಾಸ್ತಿ. ಗಲಾಟೆ ಮಾಡುತ್ತದೆಂದು ನಾಯಿಯನ್ನು ಬಾಲ್ಕನಿಗೇ ಕೂಡಿಹಾಕುವುದಂತೂ ದಿನವಿಡೀ ಬೊಗಳುವ ಅಭ್ಯಾಸಕ್ಕೆ ಜಾಗ ಮಾಡಿಕೊಟ್ಟ ಹಾಗೆ. ಮುಂಬಾಗಿಲ ಹೊರಗಿನ ಸದ್ದಿಗೆ ಬೊಗಳಿದರೆ ಬಾಗಿಲಿನ ಹತ್ತಿರ ಒಂದು ಟೇಬಲ್ ಫ್ಯಾನ್ ಓಡಲಿ. ಒಂದೇ ಸಮನೆಯ ಸದ್ದಿನಲ್ಲಿ ಹೆಜ್ಜೆ ಸಪ್ಪಳ ಮುಳುಗುತ್ತದೆ.

ಇಲ್ಲೊಂದು ಸಣ್ಣ ವಿಷಯ. ಮನುಷ್ಯನಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ, ನಾಯಿಗೆ ಸುಮಾರು 45,000ದವರೆಗೆ. ಇಲಿ ಓಡಿಸಲು ಪ್ಲಗ್‌ಗೆ ಹಾಕುವ ಯಂತ್ರದ ಸದ್ದು ನಮಗೆ ಕೇಳದಿದ್ದರೂ ನಾಯಿಗೆ ಕೇಳಿಸಬಹುದು. ಕಾರಣವೇ ಇಲ್ಲದೆ ಒಂದು ಮೂಲೆ ನೋಡಿ ಬೊಗಳುತ್ತಿದ್ದರೆ, ಮನೆಯಲ್ಲಿ ಅಂಥದ್ದಿದ್ದರೆ ಒಂದು ವಾರ ತೆಗೆದು ನೋಡಿ.

ಈಗ ಬೆಲ್‌ಗೆ ಬರೋಣ. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೊಂದು ಕ್ರಮ ಅರ್ಥವಾದರೆ ಕುಕ್ಕರ್ ಸೀಟಿ, ಲಿಫ್ಟ್ ಸದ್ದು, ಮೇಲಿನ ಮನೆಯವರು ಕುರ್ಚಿ ಎಳೆಯುವುದು ಎಲ್ಲಕ್ಕೂ ಅದೇ ದಾರಿ.

ಮೊದಲ ಕೆಲಸ, ಬೆಲ್ ಬದಲಾಯಿಸುವುದು. ಹಳೆಯ ಸದ್ದಿನ ಹಿಂದೆ ವರ್ಷಗಳ ಗಲಾಟೆ ಇದೆ. ಹೊಸ ಸದ್ದಿಗೆ ಹಿಂದಿನ ನೆನಪಿಲ್ಲ, ಮೊದಲ ದಿನದಿಂದಲೇ ಒಳ್ಳೆಯದರ ಜೊತೆ ಜೋಡಿಸಬಹುದು. ತರಬೇತಿ ನಡೆಯುವಷ್ಟು ವಾರ ನಿಜವಾದ ಬೆಲ್ ಆರಿಸಿಡಿ, ‘ಬೆಲ್ ಒತ್ತಬೇಡಿ, ಫೋನ್ ಮಾಡಿ’ ಎಂದು ಬಾಗಿಲಿಗೆ ಚೀಟಿ ಅಂಟಿಸಿ, ಗೇಟಿನ ಸೆಕ್ಯೂರಿಟಿಯವರಿಗೂ ಹೇಳಿಡಿ. ಹಗಲೆಲ್ಲ ಹಳೆಯ ಗಲಾಟೆ ನಡೆದು, ಸಂಜೆ ಐದು ನಿಮಿಷ ಪಾಠ ಮಾಡಿದರೆ ಪಾಠ ಸೋಲುತ್ತದೆ.

ಹೊಸ ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೇಯಿಸಿದ ಕೋಳಿ, ಪನೀರ್ ಅಥವಾ ಬೇಯಿಸಿದ ಮೊಟ್ಟೆಯನ್ನು ಬಟಾಣಿ ಗಾತ್ರಕ್ಕೆ ಹೆಚ್ಚಿಟ್ಟುಕೊಳ್ಳಿ. ಮೂರ್ನಾಲ್ಕು ಕಿಲೋ ತೂಗುವ ಪುಟ್ಟ ನಾಯಿಗೆ ಅದರ ಅರ್ಧ ಸಾಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಹತ್ತಿರವೂ ತರಬೇಡಿ, ಅವು ನಾಯಿಗೆ ವಿಷ. ದಿನದ ಒಟ್ಟು ಆಹಾರದ ಶಕ್ತಿಯಲ್ಲಿ ತಿಂಡಿಯ ಪಾಲು ನೂರಕ್ಕೆ 10 ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಫೋನಿನ ಸದ್ದನ್ನು ಎಷ್ಟು ಇಳಿಸಬೇಕೆಂದರೆ, ನಾಯಿಯ ಕಿವಿ ಅಲುಗಬೇಕು, ಆದರೆ ಅದು ಏಳಬಾರದು. ಬೆಲ್ ನುಡಿಸಿ. ಸದ್ದು ಮುಗಿದ ಒಂದು ಸೆಕೆಂಡಿನೊಳಗೆ ಚೂರು ಬಾಯಿಗೆ. ಸುಮ್ಮನಿದ್ದದ್ದಕ್ಕೆ ಬಹುಮಾನ ಎಂದುಕೊಳ್ಳಬೇಡಿ, ಏನು ಮಾಡಿದರೂ ಕೊಡಿ, ಬೆಲ್ ಅಂದರೆ ಚೂರು ಎಂಬುದಷ್ಟೇ ಈಗ ತಲೆಗೆ ಹೋಗಬೇಕಾದ್ದು. ಒಂದು ಸಲಕ್ಕೆ ಹತ್ತು ಬಾರಿ, ನಡುವಿನ ಬಿಡುವು ಒಮ್ಮೆ 20 ಸೆಕೆಂಡ್, ಒಮ್ಮೆ 60, ಹೀಗೆ ಏರುಪೇರಾಗಿರಲಿ. ಬಿಡುವು ಒಂದೇ ಸಮ ಇದ್ದರೆ ನಾಯಿ ಸದ್ದನ್ನು ಬಿಟ್ಟು ಹೊತ್ತನ್ನು ಕಲಿಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಕೈಯನ್ನು ಮೊದಲೇ ತಿಂಡಿ ಡಬ್ಬಿಗೆ ಹಾಕುವುದು. ಡಬ್ಬಿ ಸದ್ದು ಮೊದಲು ಬಂದು ಬೆಲ್ ಆಮೇಲೆ ಬಂದರೆ ನಾಯಿ ಕಲಿಯುವುದು ಡಬ್ಬಿಯನ್ನು. ಕೈ ಅಲುಗಾಡದೆ ಇರಬೇಕು, ಬೆಲ್ ಮುಗಿಯಬೇಕು, ಆಮೇಲೆ ಕೈ ಚಲಿಸಬೇಕು.

ಬೆಲ್ ಕೇಳಿದ ಕೂಡಲೇ ನಾಯಿ ಬಾಗಿಲು ಬಿಟ್ಟು ನಿಮ್ಮ ಕಡೆ ತಿರುಗಿ ‘ಎಲ್ಲಿ?’ ಎನ್ನುವಂತೆ ನೋಡುವ ದಿನ ಬರುತ್ತದೆ. ಹತ್ತರಲ್ಲಿ ಎಂಟು ಸಲ ಹಾಗೆ ನೋಡಿ, ಉಳಿದ ಎರಡು ಸಲವೂ ಬೊಗಳದಿದ್ದರೆ ಸದ್ದನ್ನು ಒಂದು ಮೆಟ್ಟಿಲು ಏರಿಸಿ. ಹತ್ತರಲ್ಲಿ ಎರಡು ಸಲ ಬೊಗಳಿದರೂ ಒಂದು ಮೆಟ್ಟಿಲು ಇಳಿಸಿ. ಫೋನಿನಲ್ಲಿ ಪೂರ್ತಿ ಸದ್ದಿಗೆ ಒಗ್ಗಿದ ಮೇಲೆ ನಿಜವಾದ ಬೆಲ್ಲನ್ನು ಮನೆಯವರೇ ಒತ್ತಲಿ, ಆಮೇಲೆ ಪಕ್ಕದ ಮನೆಯವರು, ಕೊನೆಗೆ ಗುರುತಿಲ್ಲದವರು. ಫೋನಿನ ಬೆಲ್ಲಿಗೆ ಸುಮ್ಮನಿದ್ದ ನಾಯಿ ನಿಜವಾದ ಬೆಲ್ಲಿಗೆ ಮತ್ತೆ ಬೊಗಳಿದರೆ ಗಾಬರಿ ಬೇಡ. ಅದಕ್ಕೆ ಅದು ಹೊಸ ಪಾಠ, ನಾಲ್ಕೈದು ದಿನ ಹಿಂದೆ ಹೋಗಿ ಬನ್ನಿ. ಇದು ವಾರಗಳ ಕೆಲಸ. ಮೂರೇ ದಿನದಲ್ಲಿ ಸುಮ್ಮನಾಗಿಸುತ್ತೇವೆ ಎನ್ನುವವರು ಏನು ಬಳಸುತ್ತಾರೆಂದು ಮೊದಲು ಕೇಳಿ.

ಬೆಲ್ಲಿಗೆ ನಿಮ್ಮ ಕಡೆ ನೋಡುವುದು ಬಂದಮೇಲೆ, ನಾಯಿಗೆ ಹೋಗಲು ಒಂದು ಜಾಗ ಬೇಕು. ಬಾಗಿಲು ಕಾಣುವಂತೆ, ಆದರೆ ಅದರಿಂದ ಆರೇಳು ಅಡಿ ದೂರದಲ್ಲಿ, ಜಾರದ ಚಾಪೆ ಹಾಸಿ. ಹಳೆಯ ಯೋಗ ಮ್ಯಾಟ್ ಅರ್ಧ ಕತ್ತರಿಸಿದರೆ ಚೆನ್ನಾಗಿರುತ್ತದೆ. ಬೆಲ್ಲಿನ ಸುದ್ದಿಯೇ ಇಲ್ಲದ ಹೊತ್ತಿನಲ್ಲಿ ಚಾಪೆಯ ಮೇಲೆ ಕಾಲಿಟ್ಟರೆ ಒಂದು ಚೂರು, ಕೂತರೆ ಇನ್ನೊಂದು, ಮಲಗಿದರೆ ಎರಡು. ಚೂರನ್ನು ಕೈಯಿಂದ ಕೊಡದೆ ಚಾಪೆಯ ಮೇಲೆಯೇ, ಮುಂಗಾಲುಗಳ ನಡುವೆ ಇಡಿ. ಕೈಯಿಂದ ಕೊಟ್ಟರೆ ನಾಯಿ ಎದ್ದು ಬರುತ್ತದೆ, ನೆಲದಲ್ಲಿಟ್ಟರೆ ತಲೆ ಕೆಳಗೆ ಹೋಗಿ ಮೈ ಸಡಿಲಾಗುತ್ತದೆ. ಅಲ್ಲಿ ಒಂದು ನಿಮಿಷ ನಿಲ್ಲುವಂತಾದ ಮೇಲೆ ನೀವು ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ ಬನ್ನಿ, ಚಿಲಕ ಮುಟ್ಟಿ ಬನ್ನಿ, ಬಾಗಿಲು ಒಂದು ಗೇಣು ತೆರೆದು ಬನ್ನಿ. ಪ್ರತಿ ಸಲ ಹಿಂದಿರುಗಿ ಚೂರು ಇಡಿ. ಕೊನೆಗೆ ಬೆಲ್. ಅತಿ ಚುರುಕಿನ ನಾಯಿಯನ್ನು ಶುರುವಿನಲ್ಲಿ ಆರಡಿ ಹಗ್ಗದಿಂದ, ಎದೆಪಟ್ಟಿಗೆ ಸಿಕ್ಕಿಸಿ, ಭಾರದ ಮಂಚದ ಕಾಲಿಗೆ ಕಟ್ಟಿಕೊಳ್ಳಿ. ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ನುಗ್ಗಿದಾಗ ಗಂಟಲಿಗೆ ಪೆಟ್ಟಾಗುತ್ತದೆ.

‘ಸಾಕು’ ಎಂಬ ಮಾತನ್ನು ಕಲಿಸುವುದು ಹೇಗೆಂದು ತುಂಬ ಜನ ಕೇಳುತ್ತಾರೆ. ಕಲಿಸಬಹುದು, ಆದರೆ ಅದನ್ನೇ ಮುಖ್ಯ ಆಯುಧ ಮಾಡಿಕೊಳ್ಳಬೇಡಿ. ನಾಯಿ ಎರಡು ಸಲ ಬೊಗಳಿದಾಗ ಮೂಗಿನ ಹತ್ತಿರ ಚೂರು ಹಿಡಿಯಿರಿ. ಮೂಸುವಾಗ ಬೊಗಳಲಾಗದು. ಆ ಮೌನಕ್ಕೆ ‘ಸಾಕು’ ಎಂದು ಮೆಲ್ಲಗೆ ಹೇಳಿ, ಎರಡು ಸೆಕೆಂಡ್ ಎಣಿಸಿ ಕೊಡಿ. ಎರಡು, ಐದು, ಹತ್ತು ಎಂದು ಎಣಿಕೆ ಬೆಳೆಸಿ. ಎಡವುವುದು ಎಲ್ಲಿ ಎಂದರೆ, ಜಾಣ ನಾಯಿ ಎಂಟೇ ದಿನದಲ್ಲಿ ‘ಬೊಗಳಿದರೆ ಸಾಕು ಅನ್ನುತ್ತಾರೆ, ಸಾಕು ಅಂದರೆ ಚೂರು’ ಎಂದು ಸರಪಳಿ ಹೆಣೆದುಕೊಂಡು, ಚೂರಿಗಾಗಿಯೇ ಬೊಗಳಲು ಶುರುಮಾಡುತ್ತದೆ. ಅದಕ್ಕೇ ಬೊಗಳದೆ ಸದ್ದು ಕೇಳಿಸಿಕೊಂಡಾಗಿನ ಚೂರು ಯಾವಾಗಲೂ ದೊಡ್ಡದಿರಲಿ, ‘ಸಾಕು’ವಿನ ಚೂರು ಚಿಕ್ಕದಿರಲಿ. ‘ಸಾಕು, ಸಾಕು, ಸಾಕೂ!’ ಎಂದು ಕಿರುಚಿದರೆ ಆ ಪದ ಸತ್ತಂತೆ. ನಾಯಿಯ ಕಿವಿಗೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ.

ಬೇಡಿಕೆಯ ಬೊಗಳಾಟದ ಮದ್ದು ಹೇಳಲು ಸುಲಭ, ಮಾಡಲು ಕಷ್ಟ. ಬೊಗಳಿದಾಗ ನೋಟ, ಮಾತು, ಮುಟ್ಟುವಿಕೆ ಯಾವುದೂ ಸಿಗಬಾರದು, ಬೈಗುಳವೂ ಸಿಗಬಾರದು. ಸುಮ್ಮನಿರುವಾಗ ಎಲ್ಲವೂ ಸಿಗಬೇಕು. ಇದನ್ನು ಶುರುಮಾಡಿದ ಮೊದಲ ದಿನಗಳಲ್ಲಿ ಬೊಗಳುವುದು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಇಷ್ಟು ದಿನ ಕೆಲಸ ಮಾಡಿದ ಕೀಲಿ ಈಗ ತಿರುಗುತ್ತಿಲ್ಲವಲ್ಲ ಎಂದು ನಾಯಿ ಇನ್ನೂ ಜೋರಾಗಿ ತಿರುಗಿಸುತ್ತದೆ. ನಾಲ್ಕನೇ ದಿನ ಊಟದ ಹೊತ್ತಿಗೆ ಅಜ್ಜಿಗೆ ಕರುಳು ಚುರ್ ಅಂದು ಮೇಜಿನ ಕೆಳಗೆ ಒಂದು ತುಂಡು ರೊಟ್ಟಿ ಹಾಕಿದರೆ, ನಾಯಿ ಕಲಿತದ್ದು ‘ನಾಲ್ಕು ದಿನ ಬೊಗಳಿದರೆ ಸಿಗುತ್ತದೆ’ ಎಂದು. ಮೊದಲಿಗಿಂತ ಗಟ್ಟಿಯಾಗಿ ಕಲಿತಿರುತ್ತದೆ. ಅಜ್ಜಿಯ ತಪ್ಪೇನಿಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ ಅಷ್ಟೆ. ಅವರಿಗೆ ಬೇರೆ ಕೆಲಸ ಕೊಡಿ: ನಿಮ್ಮ ಊಟಕ್ಕೆ ಐದು ನಿಮಿಷ ಮೊದಲು ನಾಯಿಗೆ ಮೊಸರನ್ನ ಸವರಿ ಫ್ರೀಜರಿನಲ್ಲಿಟ್ಟ ಸ್ಟೀಲ್ ತಟ್ಟೆ ಕೊಡುವುದು ಅವರ ಪಾಲು. ನೆಕ್ಕುವುದು ನಾಯಿಯನ್ನು ತಣ್ಣಗಾಗಿಸುತ್ತದೆ, ಬೇಡುವ ಹೊತ್ತೇ ತಪ್ಪಿಹೋಗುತ್ತದೆ.

ವಾಕಿಂಗ್ ಹಗ್ಗ ಕಂಡ ಕೂಡಲೇ ಕುಣಿದು ಬೊಗಳುವ ನಾಯಿಗೂ ಇದೇ ತತ್ವ. ಹಗ್ಗ ಕೈಗೆತ್ತಿಕೊಳ್ಳಿ, ಬೊಗಳಿದರೆ ಮೊಳೆಗೆ ನೇತುಹಾಕಿ ಕೂತುಬಿಡಿ. ಸುಮ್ಮನಾದ ಮೇಲೆ ಮತ್ತೆ ಎತ್ತಿ. ಮೊದಲ ದಿನ ಹೊರಗೆ ಹೋಗಲು ಕಾಲು ಗಂಟೆ ಹಿಡಿಯಬಹುದು, ಆಫೀಸಿಗೆ ತಡವಾಗುವ ದಿನ ಶುರುಮಾಡಬೇಡಿ.

ಚುರುಕಿನ ನಾಯಿ ಎಂದರೆ ಸುಸ್ತು ಮಾಡಿಸಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ನನಗೆ ಇದು ಅರ್ಧ ಸತ್ಯ. ದಿನವೂ ಅರ್ಧ ಗಂಟೆ ಚೆಂಡೆಸೆದು ಓಡಿಸಿದರೆ, ಒಂದು ತಿಂಗಳಲ್ಲಿ ಇನ್ನೂ ಹೆಚ್ಚು ಓಡಬಲ್ಲ, ಇನ್ನೂ ಬೇಗ ಉದ್ರೇಕಗೊಳ್ಳುವ ನಾಯಿ ನಿಮ್ಮ ಮುಂದಿರುತ್ತದೆ. ಮೂಗಿಗೆ ಕೆಲಸ ಕೊಟ್ಟರೆ ಮೈಗಿಂತ ಬೇಗ ತಣಿಯುತ್ತದೆ. ಬೆಳಿಗ್ಗೆ 20ರಿಂದ 30 ನಿಮಿಷ, ಐದು ಮೀಟರ್ ಹಗ್ಗದಲ್ಲಿ, ಅದು ಮೂಸಿದಲ್ಲೆಲ್ಲ ನಿಂತು ನಡೆಸಿ. ಸಂಜೆಯ ಕಾಳು ಆಹಾರವನ್ನು ತಟ್ಟೆಗೆ ಹಾಕುವ ಬದಲು ಹಳೆಯ ಟವೆಲಿನಲ್ಲಿ ಚೆಲ್ಲಿ, ಸುರುಳಿ ಸುತ್ತಿ ಕೊಡಿ. ಇನ್ನು ನಿದ್ರೆ. ಬೆಳೆದ ನಾಯಿಗೆ ದಿನಕ್ಕೆ 12ರಿಂದ 14 ಗಂಟೆ, ಮರಿಗೆ 18 ಗಂಟೆಗೂ ಹೆಚ್ಚು ಬೇಕು. ಮಕ್ಕಳು, ಟಿವಿ, ಬಂದುಹೋಗುವವರ ನಡುವೆ ಹಾಲಿನಲ್ಲೇ ಮಲಗುವ ನಾಯಿಗೆ ಅದು ಸಿಗುವುದಿಲ್ಲ. ಸಂಜೆ ಏಳರ ಹುಚ್ಚು ಓಟ, ಸಿಕ್ಕಿದ್ದಕ್ಕೆಲ್ಲ ಬೊಗಳುವುದು ಎಷ್ಟೋ ಸಲ ನಿದ್ರೆಗೆಟ್ಟ ಮಗುವಿನ ರಚ್ಚೆ. ಮಧ್ಯಾಹ್ನ ಎರಡು ಗಂಟೆ ಒಳಕೋಣೆಯಲ್ಲಿ, ಪರದೆ ಎಳೆದು, ಮಲಗಲು ಬಿಡಿ.

ಒಂಟಿಯಾಗಿ ಬಿಟ್ಟಾಗ ಮಾತ್ರ ಬೊಗಳುವ ನಾಯಿಯ ವಿಷಯ ಬೇರೆ. ನೀವು ಹೊರಟ ಮೊದಲ 30 ನಿಮಿಷವನ್ನು ಹಳೆಯ ಫೋನಿನಲ್ಲಿ ವಿಡಿಯೋ ಮಾಡಿ. ಜೊಲ್ಲು ಸುರಿಸುವುದು, ಬಾಗಿಲು ಕೆರೆಯುವುದು, ಇಟ್ಟ ತಿಂಡಿ ಮುಟ್ಟದಿರುವುದು, ನಿಲ್ಲದೆ ಓಡಾಡುವುದು ಕಂಡರೆ ಅದು ಭಯ. ಅಲ್ಲಿ ‘ಗಮನ ಕೊಡಬೇಡಿ’ ಎಂಬ ಮದ್ದು ಸಲ್ಲದು, ‘ಬಿಟ್ಟು ಬಿಟ್ಟು ಅಭ್ಯಾಸವಾಗುತ್ತದೆ’ ಎಂಬುದೂ ಸುಳ್ಳು. ಹತ್ತು ಸೆಕೆಂಡ್ ಹೊರಗಿದ್ದು, ಅದು ಅಳುವ ಮೊದಲೇ ಒಳಬರುವುದರಿಂದ ಶುರುಮಾಡಿ, ದಿನಗಟ್ಟಲೆ ಮೆಲ್ಲಗೆ ಬೆಳೆಸಬೇಕು. ಅಷ್ಟು ದಿನ ಯಾರಾದರೂ ಜೊತೆಗಿರಬೇಕು. ಪಶುವೈದ್ಯರ ಔಷಧ ಇಲ್ಲಿ ನಿಜಕ್ಕೂ ನೆರವಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪಶುವೈದ್ಯರ ಮಾತು ಬಂತು. ಎಂದೂ ಹೆಚ್ಚು ಬೊಗಳದ ನಾಯಿ ಒಂದೆರಡು ವಾರದಲ್ಲಿ ಬದಲಾದರೆ ತರಬೇತಿಗೆ ಮೊದಲು ತಪಾಸಣೆ. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು ಎಲ್ಲವೂ ನಾಯಿಯನ್ನು ಸಿಡುಕಾಗಿಸುತ್ತವೆ. ಹತ್ತು ದಾಟಿದ ನಾಯಿ ನಡುರಾತ್ರಿ ಗೋಡೆ ನೋಡಿ ಬೊಗಳಿದರೆ ಕಿವಿ, ಕಣ್ಣು ಮಂದವಾಗಿರಬಹುದು, ಅಥವಾ ಮುಪ್ಪಿನ ಮರೆವು ಶುರುವಾಗಿರಬಹುದು. ಅದಕ್ಕೆ ಒಂದು ಸಣ್ಣ ರಾತ್ರಿದೀಪ ಮತ್ತು ನಿಮ್ಮ ಹತ್ತಿರದ ಹಾಸಿಗೆ ಕೊಡಿ.

ಬೊಗಳಿದರೆ ಶಾಕ್ ಕೊಡುವ ಬೆಲ್ಟ್‌ಗಳು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. ಪಕ್ಕದ ನಾಯಿ ಬೊಗಳಿದರೂ ಕೆಲವು ಬೆಲ್ಟ್ ಚುಚ್ಚುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ನೋವಾದ ಕ್ಷಣ ನಾಯಿ ಯಾರನ್ನು ನೋಡುತ್ತಿತ್ತೋ, ನೋವಿಗೆ ಅವರೇ ಕಾರಣ ಎಂದುಕೊಳ್ಳುತ್ತದೆ. ಅದು ಎದುರು ಮನೆಯ ಮಗುವೇ ಆಗಿರಬಹುದು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಾಯಿಯ ವಿಷಯದಲ್ಲಿ ನಂಬಬೇಡಿ, ಹೆದರಿ ಬೊಗಳುವ ನಾಯಿ ಕಚ್ಚುತ್ತದೆ. ಬೊಗಳುವುದನ್ನು, ಗುರುಗುಟ್ಟುವುದನ್ನು ನೋವಿನಿಂದ ಅಡಗಿಸಿದರೆ ಎಚ್ಚರಿಕೆ ಹೋಗುತ್ತದೆ, ಹೆದರಿಕೆ ಉಳಿಯುತ್ತದೆ, ಮುಂದೆ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಬಾಯಿ ಬಿಗಿಯಾಗಿ ಮುಚ್ಚುವ ಬಟ್ಟೆಯ ಮೂತಿಕುಕ್ಕೆಯೂ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ಏದುಸಿರು ಬಿಟ್ಟು, ಅದನ್ನು ಕಟ್ಟಿದರೆ ಬೇಸಿಗೆಯಲ್ಲಿ ಜೀವಕ್ಕೇ ಕುತ್ತು.

ಕೊನೆಗೆ ನೆರೆಹೊರೆ. ಬೊಗಳುತ್ತದೆ ಎಂಬ ಕಾರಣಕ್ಕೆ ಸಾಕುನಾಯಿಯನ್ನು ಹೊರಹಾಕುವಂತೆ ನಿವಾಸಿಗಳ ಸಂಘ ಒತ್ತಾಯಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ನಾಯಿ ಸುಮ್ಮನಿರುವಂತೆ, ಅದರಲ್ಲೂ ರಾತ್ರಿ, ಶ್ರಮಪಡಬೇಕೆಂದು ಸಾಕಿದವರಿಗೂ ಅದೇ ಮಾರ್ಗಸೂಚಿ ಹೇಳುತ್ತದೆ. ಮೊದಲ ಸಾಲನ್ನು ಮಾತ್ರ ಹಿಡಿದು ಜಗಳಕ್ಕೆ ಹೋಗಬೇಡಿ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರ ಕಷ್ಟ ನಿಜವಾದದ್ದು. ಬೇಡಿಕೆಯ ಬೊಗಳಿನ ಪಾಠ ಶುರುಮಾಡುವ ಮುಂಚಿನ ದಿನ ಮೇಲೆ, ಕೆಳಗೆ, ಎಡ, ಬಲದ ನಾಲ್ಕು ಮನೆಗೆ ಹೋಗಿ ‘ಒಂದು ವಾರ ಸದ್ದು ಸ್ವಲ್ಪ ಜಾಸ್ತಿಯಾಗುತ್ತದೆ, ಪಾಠ ಬೆಳಿಗ್ಗೆ ಎಂಟಕ್ಕೆ ಮತ್ತು ಸಂಜೆ ಆರಕ್ಕೆ ಮಾತ್ರ’ ಎಂದು ಹೇಳಿ ಬನ್ನಿ. ನೀವಿಲ್ಲದಾಗ ನಾಯಿ ಎಷ್ಟು ಹೊತ್ತಿಗೆ ಬೊಗಳಿತೆಂದು ವಾಟ್ಸ್‌ಆಪ್‌ನಲ್ಲಿ ಒಂದು ಸಾಲು ಕಳಿಸಲು ಕೇಳಿಕೊಳ್ಳಿ. ಫ್ರಿಜ್ ಮೇಲಿನ ಹಾಳೆಯಲ್ಲಿ ನಿಮಗೆ ತುಂಬಲಾಗದ ಸಾಲುಗಳು ಅವರ ಹತ್ತಿರ ಇರುತ್ತವೆ.